ಪಿಕಪ್ ಟ್ರಕ್‌ಗೆ ಯಾವ ಎಕ್ಸಾಸ್ಟ್? ಗುಂಯ್ ಸದ್ದಿನಿಂದ ಲೆಕ್ಕ ಶುರು ಮಾಡಿ

ಅಮ್ಮ ಹಾಸನದಿಂದ ಬಂದಿದ್ದರು. ಅವರನ್ನು ಕರೆದುಕೊಂಡು ಫ್ರಿಸ್ಕೋದಿಂದ ಬಿಗ್ ಬೆಂಡ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೆವು. ಟೆಕ್ಸಾಸ್ ಒಳಗೇ ಒಂದು ಇಡೀ ಹಗಲಿನ ದಾರಿ. ಟ್ರಕ್ ನನ್ನ 2018ರ ಫೋರ್ಡ್ ಎಫ್-150, 5.0 ಲೀಟರ್ ವಿ8. ಎರಡು ವಾರದ ಹಿಂದಷ್ಟೇ ಮನೆ ಹತ್ತಿರದ ಅಂಗಡಿಯಲ್ಲಿ ಕಂಪನಿಯ ಮಫ್ಲರ್ (ಸದ್ದು ಅಡಗಿಸುವ ಡಬ್ಬಿ) ಕತ್ತರಿಸಿ, ಅರ್ಧ ಗಾತ್ರದ ಬೇರೆಯದು ಹಾಕಿಸಿದ್ದೆ. ಊರೊಳಗೆ ಓಡಿಸುವಾಗ ಆ ಸದ್ದು ನನಗೆ ತುಂಬಾ ಹಿಡಿಸಿತ್ತು. ಐ-20 ಹೆದ್ದಾರಿ ಹತ್ತಿ 75 ಮೈಲಿಗೆ ಕ್ರೂಸ್ ಹಾಕಿದೆ. ಅಬಿಲೀನ್ ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಅಮ್ಮ, "ಅಕ್ಕಿ ಮಿಲ್ಲಿನೊಳಗೆ ಕೂತಂಗಿದೆ ಕಣೋ. ತಲೆ ಸಿಡೀತಿದೆ, ಸ್ವಲ್ಪ ನಿಲ್ಸು" ಅಂದರು.

ನಿಲ್ಲಿಸಿದೆ. ಹೊರಗೆ ನಿಂತು ಕೇಳಿದರೆ ಟ್ರಕ್‌ನ ಸದ್ದು ಚೆನ್ನಾಗಿಯೇ ಇತ್ತು. ಒಳಗೆ ಕೂತು ಹೆದ್ದಾರಿಯಲ್ಲಿ ಹೋಗುವಾಗ ಮಾತ್ರ ಕಿವಿಗೆ ಒಂದೇ ಸಮನೆ ಗುಂಯ್ ಎಂಬ ಒತ್ತಡ. ಹಿಂದಿನ ಸೀಟಿನಲ್ಲಿ ಅದು ಇನ್ನೂ ಜಾಸ್ತಿ. ನಾನು ಮುಂದೆ ಕೂತಿದ್ದರಿಂದ ಅದರ ಪೂರ್ತಿ ಪೆಟ್ಟು ನನಗೆ ಗೊತ್ತಾಗಿರಲಿಲ್ಲ.

ಇಲ್ಲಿನ ಟ್ರಕ್ ಮಂದಿ ಇದನ್ನು ಡ್ರೋನ್ ಅನ್ನುತ್ತಾರೆ. ಎಕ್ಸಾಸ್ಟ್, ಅಂದರೆ ಇಂಜಿನ್ನಿನ ಹೊಗೆ ಹೊರಗೆ ಬಿಡುವ ಪೈಪು, ಮಫ್ಲರ್ ಎಲ್ಲ ಸೇರಿದ್ದು, ಆರಿಸುವಾಗ ಜನ ಮೊದಲು ಕೇಳುವುದು ಎಷ್ಟು ಜೋರು, ಎಷ್ಟು ಹಾರ್ಸ್‌ಪವರ್ ಬರುತ್ತದೆ, ಯಾವ ಬ್ರ್ಯಾಂಡ್ ಎಂದು. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಬೇರೆ. ನಿಮ್ಮ ಟ್ರಕ್ ಹೆದ್ದಾರಿ ವೇಗದಲ್ಲಿ ಎಷ್ಟು ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು) ಓಡುತ್ತದೆ, ಆ ಆರ್‌ಪಿಎಂನಲ್ಲಿ ಹೊಸ ಎಕ್ಸಾಸ್ಟ್ ಒಳಗೆ ಏನು ಮಾಡುತ್ತದೆ? ಇದಕ್ಕೆ ಉತ್ತರ ಸಿಕ್ಕಿದರೆ ಉಳಿದ ಆಯ್ಕೆಗಳು ಬೇಗ ಕಡಿಮೆಯಾಗುತ್ತವೆ.

ಎಲ್ಲಿಂದ ಎಲ್ಲಿಯವರೆಗೆ ಬದಲಾಯಿಸುವುದು

ನಾವು ಊರಲ್ಲಿ ಎಲ್ಲವನ್ನೂ ಸೈಲೆನ್ಸರ್ ಅಂದುಬಿಡುತ್ತೇವೆ. ಇಲ್ಲಿ ಅಂಗಡಿಗೆ ಹೋದರೆ ಒಂದೊಂದು ಭಾಗಕ್ಕೂ ಒಂದೊಂದು ಹೆಸರು. ಇಂಜಿನ್‌ನಿಂದ ಹೊರಟ ಹೊಗೆ ಮೊದಲು ಮ್ಯಾನಿಫೋಲ್ಡ್‌ಗೆ ಬರುತ್ತದೆ. ಆಮೇಲೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಹಿಂದೆ ಮಫ್ಲರ್, ಕೊನೆಗೆ ಹಿಂದಿನ ಆಕ್ಸಲ್ ಮೇಲೆ ಹಾದು ಹೊರಬರುವ ಟೈಲ್‌ಪೈಪ್.

ಬರೀ ಮಫ್ಲರ್ ಬದಲಾಯಿಸುವುದು ಎಲ್ಲಕ್ಕಿಂತ ಅಗ್ಗ. ಒಂದು ಮಫ್ಲರ್ ಅಂಗಡಿಯಲ್ಲಿ ವೆಲ್ಡಿಂಗ್ ಸೇರಿ ಸುಮಾರು 150ರಿಂದ 300 ಡಾಲರ್‌ಗೆ ಮುಗಿಯುತ್ತದೆ. ಕ್ಯಾಟ್-ಬ್ಯಾಕ್ ಅಂದರೆ ಕನ್ವರ್ಟರ್‌ನ ಹಿಂದಿನಿಂದ ಬಾಲದ ತುದಿಯವರೆಗೆ ಇಡೀ ಸೆಟ್. ಬೋಲ್ಟ್ ಮತ್ತು ಕ್ಲ್ಯಾಂಪ್ ಮೇಲೆಯೇ ಕೂರುವುದರಿಂದ ಮನೆಯಲ್ಲೂ ಹಾಕಿಕೊಳ್ಳಬಹುದು. ಕಾರುಗಳಲ್ಲಿ ಆಕ್ಸಲ್-ಬ್ಯಾಕ್ ಎಂಬುದು ಜನಪ್ರಿಯ. ಆದರೆ ಪಿಕಪ್‌ಗಳಲ್ಲಿ ಮಫ್ಲರ್ ಸಾಮಾನ್ಯವಾಗಿ ಆಕ್ಸಲ್‌ಗಿಂತ ಮುಂದೆಯೇ ಇರುತ್ತದೆ. ಹಾಗಾಗಿ ಆಕ್ಸಲ್ ಹಿಂದಿನ ಪೈಪು ಮಾತ್ರ ಬದಲಾಯಿಸಿದರೆ ನೋಟ ಬದಲಾಗುತ್ತದೆ, ಸದ್ದು ಅಷ್ಟಾಗಿ ಬದಲಾಗುವುದಿಲ್ಲ.

ಇನ್ನು ಹೆಡರ್‌ಗಳು. ಇವು ಮ್ಯಾನಿಫೋಲ್ಡ್ ಬದಲು ಹಾಕುವ ಪೈಪುಗಳು, ಕನ್ವರ್ಟರ್‌ಗಿಂತ ಮುಂದಿನ ಭಾಗ. ಉದ್ದ ಪೈಪಿನ ಹೆಡರ್ ಹಾಕಬೇಕಾದರೆ ಕನ್ವರ್ಟರನ್ನೇ ಜಾಗ ಬದಲಾಯಿಸಬೇಕಾಗುತ್ತದೆ. ಅಲ್ಲಿಗೆ ಅದು ಕಾನೂನಿನ ವಿಷಯವಾಗುತ್ತದೆ. ದಿನಾ ಆಫೀಸಿಗೆ, ವಾರಕ್ಕೊಮ್ಮೆ ಕಾಸ್ಟ್ಕೋಗೆ, ವರ್ಷಕ್ಕೆರಡು ದೂರ ಪ್ರಯಾಣಕ್ಕೆ ಓಡುವ ಟ್ರಕ್‌ಗೆ ಹೆಡರ್ ಬೇಡ ಎಂದೇ ಹೇಳುತ್ತೇನೆ. ನಮ್ಮಲ್ಲಿ ಬಹುಪಾಲು ಜನಕ್ಕೆ ನಿಜವಾದ ಆಯ್ಕೆ ಇರುವುದು ಬರೀ ಮಫ್ಲರ್ ಮತ್ತು ಕ್ಯಾಟ್-ಬ್ಯಾಕ್ ನಡುವೆ.

ಬರೀ ಮಫ್ಲರ್‌ನಲ್ಲಿ ಒಂದು ತೊಡಕಿದೆ. ಅದು ನಿಮ್ಮ ಟ್ರಕ್‌ಗೆಂದು ಪರೀಕ್ಷೆ ಮಾಡಿ ತಯಾರಿಸಿದ್ದಲ್ಲ. ಯಾವ ಇಂಜಿನ್‌ಗಾದರೂ ಕೂರುವ ಡಬ್ಬಿ. ಗುಂಯ್ ಬಂದರೂ ಬರಬಹುದು, ಬರದೆಯೂ ಇರಬಹುದು. ನನಗೆ ಬಂತು. ಒಳ್ಳೆಯ ಕಂಪನಿಗಳ ಕ್ಯಾಟ್-ಬ್ಯಾಕ್ ಆದರೆ ನಿಮ್ಮದೇ ಇಂಜಿನ್, ನಿಮ್ಮದೇ ಕ್ಯಾಬ್ ಇಟ್ಟುಕೊಂಡು ಓಡಿಸಿ ನೋಡಿ ಹೊಂದಿಸಿರುತ್ತಾರೆ. ಜಾಸ್ತಿ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಕೆಲಸಕ್ಕೆ ಹೋಗುತ್ತದೆ.

ಗುಂಯ್ ಎಲ್ಲಿಂದ ಬರುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಫೋರ್-ಸ್ಟ್ರೋಕ್ ಇಂಜಿನ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ಎಂಟು ಸಿಲಿಂಡರ್ ಇದ್ದರೆ ಸುತ್ತಿಗೆ ನಾಲ್ಕು ಪೆಟ್ಟು. ನನ್ನ ಎಫ್-150ಗೆ 10 ಗೇರ್. ಹೆದ್ದಾರಿಯಲ್ಲಿ 70 ಮೈಲಿ ವೇಗದಲ್ಲಿ ಇಂಜಿನ್ ಸುಮಾರು 1,700 ಆರ್‌ಪಿಎಂ ಮಾತ್ರ ತಿರುಗುತ್ತದೆ. 1,700ನ್ನು 4ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ 113 ಪೆಟ್ಟು. ಅಂದರೆ 113 ಹರ್ಟ್ಜ್‌ನ ಸದ್ದು. ಅದು ಕೆಳಸ್ಥಾಯಿಯ ಗುಂಯ್.

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಟ್ರಕ್‌ನ ಕ್ಯಾಬ್ ಕೂಡ ಹಾಗೇ. ಮುಚ್ಚಿದ ಡಬ್ಬಿ. ಅದಕ್ಕೂ ತನ್ನದೇ ಸ್ವರಗಳಿವೆ. ಎಕ್ಸಾಸ್ಟ್‌ನ ಸ್ವರವೂ ಕ್ಯಾಬಿನ ಸ್ವರವೂ ಹತ್ತಿರ ಬಂದರೆ ಒಂದಕ್ಕೊಂದು ಸೇರಿ ತುಂಬಿಕೊಳ್ಳುತ್ತವೆ. ಈಗಿನ ಟ್ರಕ್‌ಗಳಲ್ಲಿ ಪೆಟ್ರೋಲ್ ಉಳಿಸಲೆಂದು 8 ಗೇರ್, 10 ಗೇರ್ ಕೊಟ್ಟಿದ್ದಾರೆ. ಹೆದ್ದಾರಿಯ ಆರ್‌ಪಿಎಂ ಕೆಳಗಿಳಿದು ಸರಿಯಾಗಿ ಈ ತೊಂದರೆಯ ಜಾಗದಲ್ಲೇ ಬಂದು ಕೂತಿದೆ. 15 ವರ್ಷದ ಹಿಂದಿನ ಟ್ರಕ್‌ನಲ್ಲಿ ಚೆನ್ನಾಗಿದ್ದ ಮಫ್ಲರ್ ಇಂದಿನ ಟ್ರಕ್‌ನಲ್ಲಿ ತಲೆನೋವು ತರಲು ಇದೊಂದು ಕಾರಣ. ಹಳೆಯ ಗೆಳೆಯರು ಕೊಡುವ ಸಲಹೆಯನ್ನು ಹಾಗೇ ತೆಗೆದುಕೊಳ್ಳಬೇಡಿ. ಅವರ ಟ್ರಕ್‌ನ ಗೇರ್ ಎಷ್ಟು, ಆರ್‌ಪಿಎಂ ಎಷ್ಟು ಕೇಳಿ.

ನಿಮ್ಮ ಲೆಕ್ಕ ನೀವೇ ಮಾಡಬಹುದು. ವಿ8 ಆದರೆ 4, ವಿ6 ಆದರೆ 3, ನಾಲ್ಕು ಸಿಲಿಂಡರ್ ಆದರೆ 2ರಿಂದ ಗುಣಿಸಿ, 60ರಿಂದ ಭಾಗಿಸಿ. 1,700 ಆರ್‌ಪಿಎಂನಲ್ಲಿ ವಿ6ಗೆ 85 ಹರ್ಟ್ಜ್, ನಾಲ್ಕು ಸಿಲಿಂಡರಿಗೆ ಸುಮಾರು 57.

ಷೆವರ್ಲೆ ಸಿಲ್ವರಾಡೊ 5.3 ಇಟ್ಟುಕೊಂಡವರು, ರ್‍ಯಾಮ್ 5.7 ಹೆಮಿ ಇಟ್ಟುಕೊಂಡವರು ಇಲ್ಲಿ ಇನ್ನೂ ಎಚ್ಚರವಾಗಿರಬೇಕು. ಈ ಇಂಜಿನ್‌ಗಳು ಭಾರ ಇಲ್ಲದಾಗ ಅರ್ಧ ಸಿಲಿಂಡರ್ ಆರಿಸಿಬಿಡುತ್ತವೆ. ಎಂಟರ ಬದಲು ನಾಲ್ಕು. ಆಗ ಸ್ವರವೂ ಅರ್ಧಕ್ಕೆ ಇಳಿಯುತ್ತದೆ, 113 ಇದ್ದದ್ದು 57ಕ್ಕೆ. ಒಂದೇ ಟ್ರಕ್‌ನಲ್ಲಿ ಎರಡು ಗುಂಯ್, ಒಂದನ್ನು ಸರಿ ಮಾಡಿದರೆ ಇನ್ನೊಂದು ಉಳಿಯುತ್ತದೆ. 2019ರಿಂದ ಬಂದ ಸಿಲ್ವರಾಡೊದ ಹೊಸ ವ್ಯವಸ್ಥೆಯಲ್ಲಂತೂ ಸಿಲಿಂಡರ್ ಉರಿಸುವ ಕ್ರಮ 17 ಬಗೆ. ಇಂಥ ಟ್ರಕ್‌ಗೆ ಬರೀ ಚಿಕ್ಕ ಮಫ್ಲರ್ ಹಾಕಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ದೊಡ್ಡ ಮಫ್ಲರ್ ಇರುವ, ಇದೇ ಇಂಜಿನ್‌ಗೆಂದು ಮಾಡಿದ ಕ್ಯಾಟ್-ಬ್ಯಾಕ್ ಹಾಕಿ. ಇಲ್ಲದಿದ್ದರೆ ಕಂಪನಿಯದ್ದನ್ನೇ ಉಳಿಸಿಕೊಳ್ಳಿ.

ಗುಂಯ್‌ಗೆ ಮದ್ದೂ ಇದೆ. ಎಕ್ಸಾಸ್ಟ್ ಪೈಪಿಗೆ ಪಕ್ಕದಲ್ಲಿ ಒಂದು ಕುರುಡು ಕೊಂಬೆ ಬೆಸೆಯುತ್ತಾರೆ. ತುದಿ ಮುಚ್ಚಿದ ಪೈಪು. ಜೆ ಅಕ್ಷರದ ಹಾಗಿರುವುದರಿಂದ ಜೆ-ಪೈಪ್ ಎಂದು ಹೆಸರು. ಸದ್ದಿನ ಅಲೆ ಅದರೊಳಗೆ ಹೋಗಿ, ತುದಿಗೆ ಬಡಿದು ತಿರುಗಿ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ತಡವಾಗಿರುತ್ತದೆ. ಏರುವ ಅಲೆಗೆ ಇಳಿಯುವ ಅಲೆ ಎದುರಾಗಿ ಎರಡೂ ಅಡಗುತ್ತವೆ. ಪೈಪಿನ ಉದ್ದ ಆ ಸ್ವರದ ಅಲೆಯ ಕಾಲು ಭಾಗ ಇರಬೇಕು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ 480 ಮೀಟರ್ ಓಡುತ್ತದೆ. 113 ಹರ್ಟ್ಜ್‌ಗೆ ಲೆಕ್ಕ ಹಾಕಿದರೆ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಟ್ರಕ್ ಕೆಳಗೆ ಅಷ್ಟು ಜಾಗ ಇರುತ್ತದೆ, ಕಾರಿನ ಕೆಳಗೆ ಕಷ್ಟ. ಒಳ್ಳೆಯ ವೆಲ್ಡರ್ ಇದ್ದರೆ ಆಮೇಲೂ ಹಾಕಿಸಬಹುದು. ಈಗಾಗಲೇ ಮಫ್ಲರ್ ಹಾಕಿಸಿ ಒದ್ದಾಡುತ್ತಿರುವವರು ಎಲ್ಲ ಕಿತ್ತು ಹಾಕುವ ಮುಂಚೆ ಇದನ್ನೊಮ್ಮೆ ಯೋಚಿಸಿ.

ಮಫ್ಲರ್‌ನ ಹೊಟ್ಟೆಯೊಳಗೆ ಏನಿದೆ

ಬ್ರ್ಯಾಂಡ್ ಹೆಸರಿಗಿಂತ ಇದು ಮುಖ್ಯ. ಹೊರಗಿಂದ ಎಲ್ಲವೂ ಒಂದೇ ಥರದ ಡಬ್ಬಿ, ಒಳಗೆ ಮುಖ್ಯವಾಗಿ ಎರಡು ಬಗೆ.

ಒಂದು ಚೇಂಬರ್ ಮಫ್ಲರ್. ಒಳಗೆ ಓರೆಯಾಗಿ ನಿಲ್ಲಿಸಿದ ತಗಡುಗಳು, ಕೋಣೆಗಳು. ಸದ್ದು ಆ ತಗಡುಗಳಿಗೆ ಬಡಿದು ತನ್ನನ್ನು ತಾನೇ ಸ್ವಲ್ಪ ಅಡಗಿಸಿಕೊಳ್ಳುತ್ತದೆ. ಹಳೆಯ ಅಮೆರಿಕನ್ ವಿ8ನ ಗಡಗಡ ಸದ್ದು ಬೇಕೆನ್ನುವವರು ಇದನ್ನೇ ಹುಡುಕುತ್ತಾರೆ. ಫ್ಲೋಮಾಸ್ಟರ್ ಹೆಸರು ಮಾಡಿದ್ದು ಈ ಬಗೆಯಿಂದ. ಒಳಗೆ ಸುಟ್ಟುಹೋಗುವ ವಸ್ತು ಇಲ್ಲ, ಹಾಗಾಗಿ ವರ್ಷಗಳಾದರೂ ಸದ್ದು ಬದಲಾಗುವುದು ಕಡಿಮೆ. ಆದರೆ ಡಬ್ಬಿ ಚಿಕ್ಕದಾದಷ್ಟೂ ಹೆದ್ದಾರಿಯಲ್ಲಿ ಗುಂಯ್ ಬರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಸ್ಟ್ರೇಟ್-ಥ್ರೂ. ತೂತು ತೂತಿನ ಪೈಪು ನೇರವಾಗಿ ಹಾದುಹೋಗುತ್ತದೆ. ಸುತ್ತ ಗಾಜಿನ ನಾರು ಅಥವಾ ಸ್ಟೀಲ್ ನಾರು ತುಂಬಿರುತ್ತಾರೆ. ಬೋರ್ಲಾ, ಮ್ಯಾಗ್ನಾಫ್ಲೋ ಹೆಚ್ಚಾಗಿ ಈ ದಾರಿಯವು. ಕಿವಿಗೆ ಚುಚ್ಚುವ ಮೇಲಿನ ಸ್ವರಗಳನ್ನು ನಾರು ಚೆನ್ನಾಗಿ ನುಂಗುತ್ತದೆ. ಕೆಳಗಿನ ಸ್ವರಗಳನ್ನು ನುಂಗುವುದು ಅದಕ್ಕೆ ಕಷ್ಟ. ಅದಕ್ಕೇ ಇಲ್ಲಿ ಡಬ್ಬಿಯ ಉದ್ದ ನೋಡಬೇಕು. 14 ಇಂಚಿನದ್ದಕ್ಕೂ 24 ಇಂಚಿನದ್ದಕ್ಕೂ ಅಜಗಜಾಂತರ. ಕೆಲವು ವರ್ಷ ಓಡಿದ ಮೇಲೆ ನಾರು ಸವೆದು ಸದ್ದು ಜೋರಾಗುವುದೂ ಉಂಟು.

ಇವೆರಡರಲ್ಲಿ ಕುಟುಂಬದ ಟ್ರಕ್‌ಗೆ ಉದ್ದದ ಸ್ಟ್ರೇಟ್-ಥ್ರೂ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕೋರ್ಸಾ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಹೊಗೆ ನೇರ ಹೋಗುತ್ತದೆ, ಸದ್ದಿನ ಅಲೆ ಮಾತ್ರ ಪಕ್ಕದ ಕೋಣೆಗೆ ಹೋಗಿ ತಿರುಗಿ ಬಂದು ಗುಂಯ್ ಸ್ವರವನ್ನು ಅಡಗಿಸುತ್ತದೆ. ಜೆ-ಪೈಪಿನ ತತ್ವವನ್ನೇ ಮಫ್ಲರ್ ಒಳಗೆ ತಂದ ಹಾಗೆ. ಬೆಲೆ ಜಾಸ್ತಿ. ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳು, ವಯಸ್ಸಾದವರು ಕೂರುವ ಮನೆಗೆ ಆ ದುಡ್ಡು ಹಾಳಲ್ಲ.

ಬೋರ್ಲಾದಲ್ಲಿ ಒಂದೇ ಟ್ರಕ್‌ಗೆ ಮೂರು ಮಟ್ಟದ ಸದ್ದು ಸಿಗುವುದುಂಟು. ಟೂರಿಂಗ್ ಮೆತ್ತಗೆ, ಎಸ್-ಟೈಪ್ ನಡುವೆ, ಅಟ್ಯಾಕ್ ಎಲ್ಲಕ್ಕಿಂತ ಜೋರು. ಬಹಳ ಜನ ನೇರ ಅಟ್ಯಾಕ್‌ಗೆ ಹೋಗುತ್ತಾರೆ. ಮೊದಲ ಸಲ ಹಾಕಿಸುವವರು ನೀವಾದರೆ ಟೂರಿಂಗ್ ಅಥವಾ ಎಸ್-ಟೈಪ್ ನೋಡಿ.

ಎಫ್-150ರಲ್ಲೇ 3.5 ಇಕೋಬೂಸ್ಟ್ ಇದ್ದವರ ಕಥೆ ಬೇರೆ. ಅದರಲ್ಲಿ ಎರಡು ಟರ್ಬೊ ಇವೆ. ಹೊಗೆ ಟರ್ಬೊದ ಚಕ್ರ ತಿರುಗಿಸಿಕೊಂಡು ಬರುವಾಗಲೇ ಅರ್ಧ ಸದ್ದು ಅಲ್ಲೇ ಸಾಯುತ್ತದೆ. ಯಾವ ಎಕ್ಸಾಸ್ಟ್ ಹಾಕಿದರೂ ಅದು ವಿ8ನ ಹಾಗೆ ಕೇಳುವುದಿಲ್ಲ. ಅದೇ ಆಸೆಗೆ ದುಡ್ಡು ಸುರಿಯುವುದಾದರೆ ಬೇಡ. ಸ್ವಲ್ಪ ಗಡಸು ದನಿ ಸಾಕು ಎನ್ನುವವರಿಗೆ ಸಾಧಾರಣ ಸ್ಟ್ರೇಟ್-ಥ್ರೂ ಸಾಕು.

ಕೊಳ್ಳುವ ಮುಂಚೆ ಕೇಳುವುದು ಹೇಗೆ

ಬೆಳಗ್ಗೆ ತಣ್ಣಗಿದ್ದ ಇಂಜಿನ್ ಶುರು ಮಾಡುವ ವಿಡಿಯೊಗಳು ಎಲ್ಲ ಕಡೆ ಸಿಗುತ್ತವೆ. ಕೇಳಲು ಚೆನ್ನಾಗಿರುತ್ತವೆ. ಆದರೆ ಆ 20 ಸೆಕೆಂಡಿನ ಸದ್ದು ನಿಮ್ಮ ದಿನದಲ್ಲಿ ಒಂದೆರಡು ಸಲ ಮಾತ್ರ ಬರುತ್ತದೆ. ಒಳಗೆ ಕೂತು, ಕಿಟಕಿ ಮುಚ್ಚಿ, 65ರಿಂದ 75 ಮೈಲಿ ವೇಗದಲ್ಲಿ ತೆಗೆದ ವಿಡಿಯೊ ಹುಡುಕಿ. ಅದನ್ನು ಹೆಡ್‌ಫೋನ್ ಹಾಕಿಯೇ ಕೇಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ 100 ಹರ್ಟ್ಜ್ ಸರಿಯಾಗಿ ಬರುವುದೇ ಇಲ್ಲ.

ಜಾಹೀರಾತಿನ ಡೆಸಿಬೆಲ್ ಅಂಕಿಯಲ್ಲೂ ಒಂದು ಸೂಕ್ಷ್ಮ ಇದೆ. ಸದ್ದು ಅಳೆಯುವ ಮೀಟರ್‌ಗಳು ಸಾಮಾನ್ಯವಾಗಿ ಎ-ತೂಕದ ಅಳತೆ ಕೊಡುತ್ತವೆ. ಮನುಷ್ಯನ ಕಿವಿಗೆ ಕೆಳಸ್ವರ ಕಡಿಮೆ ಕೇಳುತ್ತದೆಂದು ಆ ಅಳತೆ 100 ಹರ್ಟ್ಜ್‌ನಲ್ಲಿ ಸುಮಾರು 19 ಡೆಸಿಬೆಲ್ ಕಳೆದುಬಿಡುತ್ತದೆ. 50 ಹರ್ಟ್ಜ್‌ನಲ್ಲಿ 30. ಅಂದರೆ ನಮ್ಮನ್ನು ಕಾಡುವ ಗುಂಯ್ ಆ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಫೋನಿನ ಆ್ಯಪ್‌ನಲ್ಲಿ ಕೆಳಸ್ವರವನ್ನು ಅಷ್ಟಾಗಿ ಕಳೆಯದ ಸಿ-ತೂಕ ಎಂಬ ಆಯ್ಕೆ ಇದ್ದರೆ ಅದನ್ನು ಇಟ್ಟು ಅಳೆಯಿರಿ. ಈಗಿನ ಎಕ್ಸಾಸ್ಟ್ ಇರುವಾಗಲೇ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಹೊಸದು ಹಾಕಿದ ಮೇಲೆ ಹೋಲಿಸಲು ಬೇರೆ ದಾರಿ ಇಲ್ಲ. ಸುಮ್ನೆ ನೆನಪಿನಿಂದ ಹೋಲಿಸಿದರೆ ಕಿವಿ ಮೋಸ ಮಾಡುತ್ತದೆ.

ಇದಕ್ಕಿಂತ ಒಳ್ಳೆಯದು ಅದೇ ಎಕ್ಸಾಸ್ಟ್ ಇರುವ ಟ್ರಕ್‌ನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಹತ್ತು ಮೈಲಿ ಹೋಗಿ ಬರುವುದು. ಟ್ರಕ್ ಇಟ್ಟುಕೊಂಡವರು ಈ ವಿಷಯದಲ್ಲಿ ಧಾರಾಳಿಗಳು, ಕೇಳಿದರೆ ಖುಷಿಯಿಂದ ಕರೆದುಕೊಂಡು ಹೋಗುತ್ತಾರೆ. ಟ್ರೈಲರ್ ಎಳೆಯುವವರಾದರೆ ಏರು ದಾರಿಯಲ್ಲಿ ಕೇಳಿ. ಭಾರ ಇದ್ದಾಗ ಥ್ರಾಟಲ್ ತೆರೆದಿರುತ್ತದೆ, ಗುಂಯ್ ಹೆಚ್ಚಾಗುತ್ತದೆ.

ಯಾವ ಲೋಹ

ಮೂರು ಬಗೆ ಸಿಗುತ್ತವೆ. ಅಲ್ಯೂಮಿನಿಯಂ ಲೇಪದ ಉಕ್ಕು ಅಗ್ಗ. 409 ಸ್ಟೇನ್‌ಲೆಸ್ ನಡುವಿನದು, ಅದರಲ್ಲಿ ಕ್ರೋಮಿಯಂ ಸುಮಾರು 11 ಶೇಕಡ. 304 ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ 8. ಕೆನಡಾದ ಎಂಬಿಆರ್‌ಪಿ ಕಂಪನಿ ಒಂದೇ ವಿನ್ಯಾಸವನ್ನು ಈ ಮೂರೂ ಲೋಹಗಳಲ್ಲಿ ಮಾರುತ್ತದೆ. ಲೋಹಕ್ಕೆ ಎಷ್ಟು ದುಡ್ಡು ಎಂದು ನೋಡಲು ಅದು ಒಳ್ಳೆಯ ದಾರಿ. ಒಟ್ಟಾರೆ ಕ್ಯಾಟ್-ಬ್ಯಾಕ್ ಲೇಪದ್ದಾದರೆ ಸುಮಾರು 400ರಿಂದ 600 ಡಾಲರ್, 304 ಆದರೆ 1,000 ದಾಟುತ್ತದೆ.

ನೀವು ಎಲ್ಲಿದ್ದೀರಿ ಎಂಬುದೇ ಇದನ್ನು ತೀರ್ಮಾನಿಸುತ್ತದೆ. ಮಿಷಿಗನ್, ಒಹಾಯೊ, ನ್ಯೂಯಾರ್ಕ್, ಮಿನೆಸೋಟ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಲೇಪದ ಉಕ್ಕು ಬೆಸುಗೆಯ ಜಾಗದಲ್ಲಿ ಮೊದಲು ತುಕ್ಕು ಹಿಡಿಯುತ್ತದೆ. ಟ್ರಕ್ ಹತ್ತು ವರ್ಷ ಇಟ್ಟುಕೊಳ್ಳುವುದಾದರೆ 304 ತೆಗೆದುಕೊಳ್ಳಿ. ಡಲ್ಲಾಸ್, ಫೀನಿಕ್ಸ್, ಸ್ಯಾನ್ ಹೋಸೆಯಲ್ಲಿ ಇರುವವರಿಗೆ 409 ಧಾರಾಳವಾಗಿ ಸಾಕು. ಅದರ ಮೈ ಸ್ವಲ್ಪ ಕಂದು ತಿರುಗುತ್ತದೆ, ಗಾಬರಿ ಬೇಡ, ಒಳಗೆ ಗಟ್ಟಿಯೇ ಇರುತ್ತದೆ.

ಹಳೆಯದು ಕೊಳ್ಳುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರಲಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ. 304ಕ್ಕೆ ಅಂಟುವುದಿಲ್ಲ ಅನ್ನಬಹುದು, ಬಗ್ಗಿಸಿದ ಮತ್ತು ಬೆಸೆದ ಜಾಗದಲ್ಲಿ ಮಾತ್ರ ಸ್ವಲ್ಪ ಎಳೆಯುತ್ತದೆ. "ಸ್ಟೇನ್‌ಲೆಸ್" ಎಂದಷ್ಟೇ ಬರೆದು ನಂಬರ್ ಹಾಕಿರದಿದ್ದರೆ 409 ಎಂದೇ ತಿಳಿಯಿರಿ.

ಪವರ್, ಪೈಪಿನ ಅಳತೆ, ಬಾಯಿ ಎಲ್ಲಿ

ಪವರ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಈಗಿನ ಟ್ರಕ್‌ಗಳ ಕಂಪನಿ ಎಕ್ಸಾಸ್ಟ್ ಕೆಟ್ಟದ್ದೇನೂ ಅಲ್ಲ. ಕ್ಯಾಟ್-ಬ್ಯಾಕ್‌ನಿಂದ ಬರುವ ಹಾರ್ಸ್‌ಪವರ್ ಓಡಿಸುವಾಗ ಗೊತ್ತಾಗುವಷ್ಟು ಇರುವುದಿಲ್ಲ. ಮೈಲೇಜ್ ಹೆಚ್ಚಾಗುತ್ತದೆಂದು ಯಾರಾದರೂ ಹೇಳಿದರೆ ನಂಬಿ ದುಡ್ಡು ಹಾಕಬೇಡಿ. ದಪ್ಪ ಪೈಪ್ ಹಾಕಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಹೊಗೆ ವೇಗವಾಗಿ ಓಡಿದರೆ ಅದು ಹಿಂದಿನ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಪೈಪು ಬೇಕಾದ್ದಕ್ಕಿಂತ ದೊಡ್ಡದಾದರೆ ವೇಗ ಕಡಿಮೆಯಾಗುತ್ತದೆ, ಸದ್ದು ಮಾತ್ರ ಜಾಸ್ತಿ. 5 ಲೀಟರಿನ ವಿ8ಗೆ 3 ಇಂಚಿನ ಒಂಟಿ ಪೈಪು ಸಾಕು. 4, 5 ಇಂಚು ಡೀಸೆಲ್‌ಗಳಿಗೆ.

ಪೈಪಿನ ಬಾಯಿ ಎಲ್ಲಿ ಬರಬೇಕು ಎನ್ನುವುದು ನೋಟದ ವಿಷಯ ಎಂದುಕೊಳ್ಳುತ್ತಾರೆ. ಅದು ಸುರಕ್ಷತೆಯ ವಿಷಯ. ಆಕ್ಸಲ್‌ಗಿಂತ ಮುಂದೆಯೇ, ಕ್ಯಾಬಿನ ಕೆಳಗೆ ಹೊಗೆ ಬಿಡುವ ಡಂಪ್ ಎಂಬ ವಿನ್ಯಾಸ ಇದೆ. ಅಗ್ಗ, ಜೋರು. ದಯವಿಟ್ಟು ಹಾಕಿಸಬೇಡಿ. ನಿಂತಾಗ ಹೊಗೆ ಟ್ರಕ್ ಕೆಳಗೇ ಸೇರಿಕೊಳ್ಳುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಿಂದಿನ ಸ್ಲೈಡಿಂಗ್ ಕಿಟಕಿ ತೆರೆದಿದ್ದರೆ, ಬೆಡ್ (ಹಿಂದಿನ ಸಾಮಾನು ತುಂಬುವ ತೊಟ್ಟಿ) ಮೇಲೆ ಕ್ಯಾಂಪರ್ ಶೆಲ್ ಎಂಬ ಮುಚ್ಚಿಗೆ ಇದ್ದರೆ ಅದು ಒಳಗೆ ಬರಬಹುದು. ಬೆಡ್‌ನ ಹಿಂದಿನವರೆಗೆ ಪೈಪ್ ಎಳೆದ ಸಿಸ್ಟಮ್‌ಗಳನ್ನೇ ನೋಡಿ. ಬಲಗಡೆ ಹಿಂದಿನ ಟೈರ್ ಆದಮೇಲೆ ಪಕ್ಕಕ್ಕೆ ತೆರೆಯುವ ಒಂಟಿ ಬಾಯಿ ನನಗೆ ಎಲ್ಲಕ್ಕಿಂತ ಸರಿ ಅನ್ನಿಸಿದೆ. ಟ್ರೈಲರಿನ ಮುಖಕ್ಕೆ ಮಸಿ ಬಡಿಯುವುದಿಲ್ಲ, ಹಿಚ್ಚಿಗೆ ಅಡ್ಡ ಬರುವುದಿಲ್ಲ. ಎರಡು ಬಾಯಿಯದ್ದು ಕೊಳ್ಳುವವರು ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಸ್ಪೇರ್ ಟೈರ್ ಕೆಳಗಿಳಿಸಲು ಜಾಗ ಉಳಿಯುತ್ತದೆಯೇ? ರಸ್ತೆ ಬದಿಯಲ್ಲಿ ಟೈರ್ ಪಂಕ್ಚರ್ ಆದಾಗ ಇದು ಗೊತ್ತಾದರೆ ಕಷ್ಟ.

ಕಾನೂನು

ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಕ್ಯಾಟಲಿಟಿಕ್ ಕನ್ವರ್ಟರ್ ಆಗಲಿ, ಡೀಸೆಲ್ ಟ್ರಕ್‌ನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಆಗಲಿ ತೆಗೆಯುವ ಹಾಗಿಲ್ಲ. ಇದು ಎಲ್ಲ ರಾಜ್ಯಕ್ಕೂ ಅನ್ವಯ. ಡೀಸೆಲ್ ಇದ್ದವರು ಡಿಪಿಎಫ್-ಬ್ಯಾಕ್ ಎಂದು ಬರೆದದ್ದನ್ನು ಮಾತ್ರ ಕೊಳ್ಳಿ. ಕ್ಯಾಟ್-ಬ್ಯಾಕ್ ಕನ್ವರ್ಟರ್‌ನ ಹಿಂದಿನ ಭಾಗವಾದ್ದರಿಂದ, ಆಕ್ಸಿಜನ್ ಸೆನ್ಸರ್‌ಗಳನ್ನೂ ಮುಟ್ಟುವುದಿಲ್ಲವಾದ್ದರಿಂದ, ಹೊಗೆ ಪರೀಕ್ಷೆಗೆ ತೊಂದರೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆಡರ್ ಹಾಕಬೇಕಾದರೆ ಅಲ್ಲಿನ ವಾಯು ಮಂಡಳಿ ಕೊಟ್ಟ ಇಒ ಎಂಬ ಒಪ್ಪಿಗೆ ನಂಬರ್ ಇರಲೇಬೇಕು. ಅಲ್ಲಿ 6,000 ಪೌಂಡ್‌ಗಿಂತ ಕಡಿಮೆ ಜಿವಿಡಬ್ಲ್ಯುಆರ್ (ಭಾರ ತುಂಬಿದ ವಾಹನಕ್ಕೆ ಕಂಪನಿ ಗೊತ್ತುಮಾಡಿದ ಗರಿಷ್ಠ ತೂಕ) ಇರುವ ವಾಹನಗಳಿಗೆ ಸದ್ದಿನ ಮಿತಿ 95 ಡೆಸಿಬೆಲ್.

ಟೆಕ್ಸಾಸ್‌ನಲ್ಲಿ 2025ರ ಜನವರಿಯಿಂದ ಸ್ವಂತ ವಾಹನಗಳಿಗೆ ಸುರಕ್ಷತೆ ತಪಾಸಣೆ ನಿಂತಿದೆ. ಹಾಗಂತ ಏನು ಬೇಕಾದರೂ ಮಾಡಬಹುದು ಎಂದಲ್ಲ. ಡಲ್ಲಾಸ್, ಕಾಲಿನ್, ಡೆಂಟನ್, ಹ್ಯಾರಿಸ್, ಟ್ರಾವಿಸ್‌ನಂಥ ಕೌಂಟಿಗಳಲ್ಲಿ ಹೊಗೆ ಪರೀಕ್ಷೆ ಮುಂದುವರಿದಿದೆ. ಮಫ್ಲರ್ ಇಲ್ಲದೆ ಓಡಿಸುವುದು ಈಗಲೂ ತಪ್ಪು.

ವಾರಂಟಿ ಬಗ್ಗೆ ಎಲ್ಲರೂ ಕೇಳುತ್ತಾರೆ. 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಗ್ರಾಹಕರ ಕಡೆಗಿದೆ. ಬೇರೆ ಎಕ್ಸಾಸ್ಟ್ ಇದೆ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ತಳ್ಳಿಹಾಕುವಂತಿಲ್ಲ. ಆ ಭಾಗದಿಂದಲೇ ಕೆಟ್ಟಿತು ಎಂದು ಅವರು ತೋರಿಸಬೇಕು. ಆದರೂ ತೆಗೆದ ಹಳೆಯ ಎಕ್ಸಾಸ್ಟ್ ಗ್ಯಾರೇಜಿನಲ್ಲಿ ಎತ್ತಿಡಿ. ಲೀಸ್‌ನಲ್ಲಿರುವ ಟ್ರಕ್ ಆದರೆ ಇದು ಇನ್ನೂ ಮುಖ್ಯ.

ಊರಲ್ಲಿ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಇಟ್ಟುಕೊಂಡ ಗೆಳೆಯರೂ ನನ್ನನ್ನು ಕೇಳುತ್ತಿರುತ್ತಾರೆ. ಅವರಿಗೆ ನನ್ನ ಉತ್ತರ ಒಂದೇ: ಮುಟ್ಟಬೇಡಿ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ರೂಪ ಬದಲಾಯಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬಿಎಸ್6 ಡೀಸೆಲ್‌ಗಳಿಗೆ ಡಿಪಿಎಫ್ ಬೇರೆ ಇದೆ. ನಮ್ಮ ಕಿರಿದಾದ ಬೀದಿಗಳಲ್ಲಿ, ರಸ್ತೆಗೆ ತಾಗಿಕೊಂಡೇ ಮನೆಗಳಿರುವ ಕಡೆ, ಆ ಸದ್ದು ಪಕ್ಕದ ಮನೆಯ ಮಗುವನ್ನು ಎಬ್ಬಿಸುತ್ತದೆ ಅಲ್ವಾ?

ಕೊನೆಗೆ ನಾನು ಹಾಕಿದ್ದು, ಹಾಕಿದ ಬಗೆ

ಉದ್ದದ ಸ್ಟ್ರೇಟ್-ಥ್ರೂ ಮಫ್ಲರ್ ಇರುವ, 409ರ, ಬಲಗಡೆ ಒಂಟಿ ಬಾಯಿಯ 3 ಇಂಚಿನ ಕ್ಯಾಟ್-ಬ್ಯಾಕ್ ತರಿಸಿದೆ. ಆರ್ಡರ್ ಮಾಡುವಾಗ ಕ್ಯಾಬ್ ಮತ್ತು ಬೆಡ್ ಎರಡನ್ನೂ ಸೇರಿಸಿ ನೋಡಿ. ಎಫ್-150ರ ದೊಡ್ಡ ಕ್ಯಾಬ್ ಆದ ಸೂಪರ್‌ಕ್ರೂಗೆ 5.5 ಅಡಿ ಬೆಡ್ ಇದ್ದರೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 145 ಇಂಚು, 6.5 ಅಡಿ ಬೆಡ್ ಆದರೆ 157. ಅದಕ್ಕಿಂತ ಚಿಕ್ಕ ಕ್ಯಾಬ್ ಆದ ಸೂಪರ್‌ಕ್ಯಾಬ್‌ಗೆ 6.5 ಅಡಿ ಬೆಡ್ ಇದ್ದರೂ 145. ಬೆಡ್ ಮಾತ್ರ ನೋಡಿ ಕೊಂಡರೆ ಪೈಪು ಒಂದಡಿ ಹೆಚ್ಚು ಕಡಿಮೆಯಾಗುತ್ತದೆ.

ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆ. ಜ್ಯಾಕ್ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ಹೋಗಬೇಡಿ, ಜ್ಯಾಕ್ ಸ್ಟ್ಯಾಂಡ್ ಇರಲೇಬೇಕು. ಹ್ಯಾಂಗರ್ ರಬ್ಬರ್‌ಗೆ ಸೋಪಿನ ನೀರು ಸವರಿದರೆ ಜಾರಿ ಬರುತ್ತದೆ. ಹಳೆಯ ಪೈಪನ್ನು ಆಕ್ಸಲ್ ಹತ್ತಿರ ಕತ್ತರಿಸದೆ ತೆಗೆಯಲು ಆಗಲಿಲ್ಲ. ಹೊಸದನ್ನು ಮೊದಲು ಎಲ್ಲ ಸಡಿಲವಾಗಿ ಜೋಡಿಸಿ, ಸ್ಪೇರ್ ಟೈರ್, ಶಾಕ್ ಅಬ್ಸಾರ್ಬರ್, ಬ್ರೇಕ್ ಲೈನ್ ಯಾವುದಕ್ಕೂ ತಾಗದಂತೆ ತಿರುಗಿಸಿ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬಂದೆ. ಕ್ಲ್ಯಾಂಪ್ ಯು-ಬೋಲ್ಟ್ ಬಗೆಯದ್ದಾದರೆ ಪೈಪನ್ನು ಅಮುಕಿಬಿಡುತ್ತದೆ, ಮುಂದೆ ಬಿಚ್ಚಲು ಕಷ್ಟ. ಅಗಲ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪ್ ಹತ್ತಿಪ್ಪತ್ತು ಡಾಲರ್ ಜಾಸ್ತಿಯಾದರೂ ಅದನ್ನೇ ಹಾಕಿ.

ಸ್ಟಾರ್ಟ್ ಮಾಡುವ ಮುಂಚೆ ಪೈಪಿನ ಮೇಲಿನ ಕೈ ಗುರುತುಗಳನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಬೆರಳಚ್ಚು ಸುಟ್ಟು ಕಲೆಯಾಗಿ ಉಳಿಯುತ್ತದೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಹೊಗೆ, ಸುಟ್ಟ ವಾಸನೆ ಬರುತ್ತದೆ. ಅದು ತಯಾರಿಕೆಯ ಎಣ್ಣೆ. ಗ್ಯಾರೇಜ್ ಬಾಗಿಲು ತೆರೆದು ಟ್ರಕ್ ಹೊರಗೆ ನಿಲ್ಲಿಸಿಕೊಳ್ಳಿ. 50ರಿಂದ 100 ಮೈಲಿ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಕೆಳಗೆ ಹೋಗಿ ಎಲ್ಲ ಕ್ಲ್ಯಾಂಪ್ ಇನ್ನೊಮ್ಮೆ ಬಿಗಿ ಮಾಡಿ. ನನ್ನ ಮೂರು ಕ್ಲ್ಯಾಂಪ್‌ಗಳ ಪೈಕಿ ಎರಡು, ಕಾಲು ಸುತ್ತಿನಷ್ಟು ಸಡಿಲವಾಗಿದ್ದವು.